ಕೋಟೆ ಓಣಿಯೋ, ಸ್ಟೇಷನ್ ಕಡೆಯೋ

ಮಂದಿಯ ಮನೆ ನೋಡುವುದೆಂದರೆ ನನಗೆ ಮದುವೆಯ ಊಟಕ್ಕಿಂತ ಹೆಚ್ಚಿನ ಆಸೆ. ಕೊಳ್ಳಬೇಕೆಂದೇ ನೋಡಬೇಕಿಲ್ಲ. ಯಾರಾದರೂ "ಒಂದು ಮನಿ ಮಾರಾಕ ಐತಂತ, ನೋಡಿ ಬರೂಣು ಬಾ" ಅಂದರೆ ಸಾಕು, ಒಲೆಯ ಮೇಲಿನ ಸಾರು ಇಳಿಸಿ, ಸೆರಗು ಸರಿಮಾಡಿಕೊಂಡು ಹೊರಟುಬಿಡುತ್ತೇನೆ. ಬೇರೆಯವರ ಅಡುಗೆಮನೆಯಲ್ಲಿ ನಿಂತು ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ತಲೆ ಎತ್ತಿ ನೋಡುವುದು, ಬೀಸುವ ಕಲ್ಲು ಎಲ್ಲಿಟ್ಟಿದ್ದೀರಿ, ಕಾಳು ಎಲ್ಲಿ ತುಂಬುತ್ತೀರಿ ಎಂದು ಕೇಳುವುದು, ಇದರಲ್ಲಿ ಒಂದು ಸುಖವಿದೆ. ಬೇರೆ ದಿನ ಹೋಗಿ ಹೀಗೆ ಕೇಳಿದರೆ ಬೈದು ಹೊರಗೆ ಹಾಕುತ್ತಾರೆ. ಮನೆ ಮಾರುವವರು ಮಾತ್ರ ತಾವೇ ಕೈ ಹಿಡಿದು ತೋರಿಸುತ್ತಾರೆ.

ಗಂಡಸರು ಮನೆ ನೋಡುವ ರೀತಿ ಬೇರೆ. ಗೋಡೆಗೆ ಗುದ್ದುತ್ತಾರೆ, ತೊಲೆಗೆ ಉಗುರು ಊರುತ್ತಾರೆ, ಹೆಜ್ಜೆ ಹಾಕಿ ಅಂಗಳ ಅಳೆಯುತ್ತಾರೆ, ಕೊನೆಗೆ ಮನೆಯ ಅಳತೆಯ ಆಯ ಸರಿ ಇದೆಯೋ ಇಲ್ಲವೋ ಎಂದು ಅಯ್ಯನವರನ್ನು ಕರೆಸಿ ಕೇಳುತ್ತಾರೆ. ಇಷ್ಟೆಲ್ಲ ಮಾಡುವವರು ನೀರಿನ ಬಾವಿ ಎಷ್ಟು ದೂರ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ನೀರು ತಾನಾಗಿಯೇ ಮನೆಗೆ ಬರುತ್ತದೆ ಎಂದು ಅವರ ತಿಳುವಳಿಕೆ. ಬರುವುದು ನಿಜ, ನಮ್ಮ ತಲೆಯ ಮೇಲೆ ಕೂತು.

ಇಷ್ಟು ಮನೆ ನೋಡಿದ ನಾನು ಕೊಂಡದ್ದು ಒಂದೇ ಒಂದು, ಕೊಪ್ಪಳದಲ್ಲಿ. ಆಗ ನಿಜಾಮನ ಆಳಿಕೆ, ಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮ ಮನೆಯವರು ತಳಕಲ್ಲಿನಿಂದ ಬಂದು ಶೇಂಗಾ ವ್ಯಾಪಾರ ಹಿಡಿದಿದ್ದರು. ಪೇಟೆಯಲ್ಲಿ ಬಾಡಿಗೆಗೆ ಇದ್ದೆವು. ಮನೆಯ ಮಾಲಕರ ಮಗನಿಗೆ ಲಗ್ನ ಗೊತ್ತಾಗಿ, ಯುಗಾದಿಯೊಳಗೆ ಜಾಗ ಬಿಡಿರಿ ಅಂದರು. ಕೊಳ್ಳಲು ಎರಡು ಮನೆ ಕಣ್ಣಿಗೆ ಬಿದ್ದವು. ಒಂದು ಕೋಟೆ ಗುಡ್ಡದ ಕೆಳಗಿನ ಹಳೆಯ ಓಣಿಯಲ್ಲಿ. ಇನ್ನೊಂದು ಊರ ಹೊರಗೆ, ರೈಲು ಸ್ಟೇಷನ್ನಿನ ಕಡೆ. ಆಗ ಸ್ಟೇಷನ್ ಕಡೆ ಮನೆ ಮಾಡುತ್ತೇವೆ ಅಂದರೆ ಜನ ನಮ್ಮ ಮುಖ ನೋಡಿ, ಊರೊಳಗೆ ಏನಾದರೂ ಜಗಳ ಆಯಿತೇನು ಎಂದು ಕೇಳುತ್ತಿದ್ದರು.

ಮನೆಯವರಿಗೂ ನನಗೂ ಎಲ್ಲದರಲ್ಲಿಯೂ ಭೇದ ಬಂದರೂ ಒಂದರಲ್ಲಿ ಇರಲಿಲ್ಲ. ಮನೆ ಯಾವುದಾದರೂ ಆಗಲಿ, ಪಾರವ್ವನಿಗೆ ಅನುಕೂಲ ಆಗಬೇಕು.

ಪಾರವ್ವ ಅವರ ತಂಗಿ, ನನ್ನ ನಾದಿನಿ. ಸಣ್ಣ ವಯಸ್ಸಿನಲ್ಲಿ ಗಂಡ ಸತ್ತು ತವರಿಗೆ ಬಂದಿದ್ದಳು. ಅದನ್ನು ಹೇಳಿ ನಿಮ್ಮನ್ನು ಅಳಿಸುವ ಉದ್ದೇಶ ನನಗಿಲ್ಲ. ಅವಳು ಅಳುವಷ್ಟು ಅತ್ತಳು, ನಾವೂ ಅತ್ತೆವು, ರೊಟ್ಟಿ ಬಡಿಯುವುದು ಒಂದು ಹೊತ್ತೂ ನಿಲ್ಲಲಿಲ್ಲ. ತೊಂದರೆ ಇದ್ದದ್ದು ಸಾವಿನದಲ್ಲ, ಬಾಗಿಲಿನದು. ಬರಿ ಹಣೆಯ ಹೆಣ್ಣುಮಗಳು ಎದುರಿಗೆ ಬಂದರೆ ಹೊರಟ ಕೆಲಸ ಕೆಡುತ್ತದೆಂದು ಜನರ ನಂಬಿಕೆ. ಹಾಗೆ ಎದುರಾದರೆ ಅವರು ತಿರುಗಿ ಮನೆಗೆ ಹೋಗಿ, ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡುತ್ತಿದ್ದರು. ಅದಕ್ಕೆ ಪಾರವ್ವ ಕೊಡ ಹಿಡಿದು ಬಾಗಿಲ ಹಿಂದೆ ನಿಂತು, "ವೈನಿ, ಓಣ್ಯಾಗ ಯಾರರ ಅದಾರೇನು ನೋಡ್ರಿ" ಅನ್ನುವಳು. ನಾನು ಹೊರಗೆ ಕತ್ತು ಹಾಕಿ, "ಯಾರಿಲ್ಲ, ಹೋಗು" ಅನ್ನಬೇಕು. ನೀರು ತರಲು ಹೋಗುವ ಹೆಂಗಸಿಗೆ ಕಳ್ಳರಿಗೆ ಕಾಯ್ದ ಹಾಗೆ ಕಾವಲು ಕಾಯುವುದು ನನ್ನ ಬೆಳಗಿನ ಕೆಲಸ.

ಎದುರು ಮನೆಯಲ್ಲಿ ಒಬ್ಬ ಅರಿವೆ ಅಂಗಡಿಯ ಶೆಟ್ಟರಿದ್ದರು. ಒಂದು ವಾರ ನಾನು ಎಷ್ಟು ಕಾವಲು ಕಾಯ್ದರೂ ಅವರು ಅಂಗಡಿಗೆ ಹೊರಟಾಗಲೆಲ್ಲ ಪಾರವ್ವ ಎದುರಾದಳು, ಅವರು ಅಷ್ಟೂ ಸಲ ತಿರುಗಿ ಹೋದರು. ನನಗೆ ತಡೆಯಲಾಗಲಿಲ್ಲ.

"ಶೆಟ್ರ, ಮುಂಜಾನೆದ್ದು ಭಾಳ ನೀರು ಕುಡ್ಯಾಕತ್ತೀರಿ. ಹೊಟ್ಟಿ ಉಬ್ಬೀತು, ನೋಡ್ಕೊರಿ" ಎಂದು ಕಟ್ಟೆಯ ಮೇಲಿಂದ ಕೂಗಿದೆ.

"ನಂದೇನೈತ್ರೀ ಅವ್ವಾರ, ಹಿರ್ಯಾರು ಮಾಡಿದ ಪದ್ಧತಿ" ಎಂದು ಅವರು ಸಂಕೋಚದಿಂದಲೇ ಹೇಳಿದರು. ಕೆಟ್ಟ ಮನುಷ್ಯರಲ್ಲ.

ನನ್ನ ಮಾತಿನಿಂದ ಆದ ಉಪಕಾರ ಇಷ್ಟೇ: ಮರುದಿನದಿಂದ ಪಾರವ್ವ ಕೋಳಿ ಕೂಗುವ ಮೊದಲೇ ಎದ್ದು ಬಾವಿಗೆ ಹೋಗತೊಡಗಿದಳು. ಅವಳ ನಿದ್ದೆ ಹೋಯಿತು, ಶೆಟ್ಟರ ನೀರು ಉಳಿಯಿತು.

ಶಕುನದ ಪಟ್ಟಿ ಮಾಡಿದವನು ಒಂದು ದಿನವೂ ಮನೆಗೆಲಸ ಮಾಡಿದವನಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಖಾಲಿ ಕೊಡ ಎದುರಾದರೆ ಆಗದಂತೆ. ತುಂಬಿದ ಕೊಡವನ್ನು ಬಾವಿಗೆ ಒಯ್ಯುವವರು ಯಾರು? ಕಟ್ಟಿಗೆಯ ಹೊರೆ ಎದುರಾದರೂ ಕೆಟ್ಟದ್ದು, ಆದರೆ ಕಟ್ಟಿಗೆ ಇಲ್ಲದೆ ಅಡುಗೆ ತಡವಾದರೆ ಅದು ಹೆಂಡತಿಯ ತಪ್ಪು. ಕತ್ತೆ ಎಡಕ್ಕೆ ಹೋದರೆ ಒಂದು ಫಲ, ಬಲಕ್ಕೆ ಹೋದರೆ ಇನ್ನೊಂದು. ಕತ್ತೆಗೆ ಮಾತ್ರ ಇದು ಯಾವುದೂ ಗೊತ್ತಿಲ್ಲ, ತನಗೆ ಹುಲ್ಲು ಕಂಡ ಕಡೆ ಹೋಗುತ್ತದೆ. ಇನ್ನು ಮುತ್ತೈದೆ ಎದುರಾದರೆ ಒಳ್ಳೆಯದು ಅನ್ನುತ್ತಾರಲ್ಲ, ನನ್ನ ಕುಂಕುಮದ ಹಣೆ ನೋಡಿಕೊಂಡೇ ಹೊರಟ ನಮ್ಮ ಮನೆಯವರು ಹುಳ ಹಿಡಿದ ಶೇಂಗಾ ಕೊಂಡು ತಂದದ್ದುಂಟು. ಆ ದಿನ ಯಾರೂ ನನ್ನ ಮುಖದ ಸುದ್ದಿ ಎತ್ತಲಿಲ್ಲ.

ಇರಲಿ, ಮನೆಯ ಮಾತಿಗೆ ಬರುತ್ತೇನೆ. ಮೊದಲು ಕೋಟೆ ಓಣಿಯ ಮನೆ ನೋಡಿದೆವು. ಮಾರುವವರು ಬಸಲಿಂಗಪ್ಪ ಎಂಬ ಮುದುಕರು. ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲಿಯೂ ತಣ್ಣಗೆ. ಅವರು ನಮ್ಮ ಮನೆಯವರಿಗೆ ಕೆಳಗೆ ತೊಲೆ ತೋರಿಸುತ್ತಿದ್ದಾಗ ನಾನು ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಹೋದೆ. ಹೋಗಿ ನೋಡಿದರೆ ಅಲ್ಲೊಂದು ಬೇರೆ ಊರೇ ಇತ್ತು! ಓಣಿಯ ಮನೆಗಳ ಮಾಳಿಗೆಗಳೆಲ್ಲ ಒಂದಕ್ಕೊಂದು ಹೊಂದಿಕೊಂಡಿದ್ದವು. ಒಂದು ಕಡೆ ಕೆಂಪು ಮೆಣಸಿನಕಾಯಿ, ಒಂದು ಕಡೆ ಸಂಡಿಗೆ, ಒಂದು ಕಡೆ ಶಾವಿಗೆ ಒಣಗುತ್ತಿದ್ದವು. ಹೆಂಗಸರು ಮನೆಯಿಂದ ಮನೆಗೆ ಮೇಲಿಂದಲೇ ಅಡ್ಡಾಡುತ್ತಿದ್ದರು.

"ಯಾರ್ರವ್ವಾ, ಮನಿ ತೊಗೊಳ್ಳೋರೇನು?" ಎಂದು ಒಬ್ಬಾಕೆ ಕೇಳಿದಳು. ಪಕ್ಕದ ಮನೆಯ ಸಂಗವ್ವ.

"ನೋಡೋರು. ತೊಗೊಳ್ಳೋದು ಇನ್ನಾ ದೂರ ಐತಿ."

"ದೂರ ಇದ್ರ ಇರ್ಲಿ, ಶಾವಿಗಿ ಮಾತ್ರ ಹತ್ರ ಐತಿ. ತುಳದೀರಿ, ಆಚೀಗಿಂದ ಬರ್ರಿ."

ನನಗೆ ಆಕೆ ಕೂಡಲೇ ಹಿಡಿಸಿದಳು. ಪಾರವ್ವನ ಸಂಗತಿ ಹೇಳಿದೆ. ಸಂಗವ್ವ ಕೈ ಬೀಸಿ, "ಅಯ್ಯ, ಅದಕ್ಯಾಕ ಚಿಂತಿ ಮಾಡ್ತೀರಿ? ಮ್ಯಾಲಿಂದ ಮ್ಯಾಲ ಬರ್ಲಿ, ಹೋಗ್ಲಿ. ಬಾವಿ ತನಕಾ ಮಾಳಗಿ ಅದಾವು. ಯಾರ ಕಣ್ಣಿಗೂ ಬೀಳಂಗಿಲ್ಲ ನೋಡ್ರಿ" ಅಂದಳು.

ನನಗೆ ಹಿಡಿಸಲಾಗದಷ್ಟು ಹಿಗ್ಗಾಯಿತು. ಇನ್ನು ಬಾಗಿಲ ಕಾವಲು ತಪ್ಪಿತು, ಪಾರವ್ವನಿಗೆ ನಾಲ್ಕು ಜನರ ಜೊತೆ ಸಿಕ್ಕಿತು, ಇದನ್ನು ಹುಡುಕಿದವಳು ನಾನು! ಕೆಳಗಿಳಿಯುವಷ್ಟು ತಾಳ್ಮೆ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಗೆ ಬಾಯಿ ಹಚ್ಚಿ, "ಇದ ಮನಿ ತೊಗೊಳ್ರಿ!" ಎಂದು ಒದರಿದೆ.

ಒಳಗೆ ಬಸಲಿಂಗಪ್ಪನವರು ಬೆಚ್ಚಿಬಿದ್ದದ್ದು ಮೇಲಿನಿಂದ ಕಂಡಿತು. "ಯಪ್ಪಾ, ದೇವ್ರ ಮಾತಾಡಿದ ಅಂತ ಮಾಡಿದ್ನೆಪಾ" ಅಂದರು.

"ದೇವ್ರು ಇಷ್ಟು ಜೋರು ಒದರೂದಿಲ್ಲ ಬಿಡ್ರಿ. ನಮ್ಮ ಮನ್ಯಾಕಿ ಅದಾಳ" ಅಂದರು ನಮ್ಮ ಮನೆಯವರು.

ಅವರ ಮನಸ್ಸು ಸ್ಟೇಷನ್ ಕಡೆ ಇತ್ತು. ಮಾಲು ಗಾಡಿಗೆ ಶೇಂಗಾ ಚೀಲ ಹಾಕಲು ಅಲ್ಲಿ ಅನುಕೂಲ. ಆದರೆ ಪಾರವ್ವನ ಮಾತು ಬಂದ ಮೇಲೆ ಅವರು ಎದುರು ಆಡಲಿಲ್ಲ. "ಆತು, ಕೋಟಿ ಓಣೀನ ಆಗ್ಲಿ. ಟೇಶನ್ ಮನೀನೂ ಒಮ್ಮೆ ನೋಡಿದ್ರ ಏನ್ ಗಂಟ ಹೊಕ್ಕೈತಿ?" ಅಂದರು. ಮನೆ ನೋಡು ಅಂದರೆ ನಾನು ಒಲ್ಲೆ ಅನ್ನುವವಳೇ? ಮಧ್ಯಾಹ್ನ, ಓಣಿಯೆಲ್ಲ ಉಂಡು ಮಲಗಿದ್ದ ಹೊತ್ತು ನೋಡಿ ಪಾರವ್ವನನ್ನೂ ಕರೆದುಕೊಂಡು ಹೊರಟೆವು.

ಆ ಮನೆ ನೋಡಿ ನನಗೆ ನಗು ಬಂತು. ಮೇಲೆ ತಗಡು, ಕೈಯಿಟ್ಟರೆ ರೊಟ್ಟಿಯ ಹಂಚು. ಕಿಡಕಿಯ ಮೇಲೆಲ್ಲ ಇಂಜಿನ್ನಿನ ಮಸಿ. ಪಕ್ಕಕ್ಕೆ ಅಂಟಿಕೊಂಡ ಮನೆ ಒಂದೂ ಇಲ್ಲ. ಬಾಗಿಲು ತೆಗೆದರೆ ನೇರವಾಗಿ ಸ್ಟೇಷನ್ನಿಗೆ ಹೋಗುವ ದಾರಿ. "ಇಲ್ಲಿ ಸಂಡಿಗಿ ಒಣಗ್ಸಿದ್ರ ಕರಿ ಸಂಡಿಗಿ ಆಗ್ತಾವು" ಎಂದು ನಾನು ಒಂದೊಂದೇ ತಪ್ಪು ಎಣಿಸುತ್ತ ಒಳಗೆ ತಿರುಗುತ್ತಿದ್ದೆ. ಪಾರವ್ವ ಸೆಕೆ ತಾಳದೆ ಹೊರಗೆ ಬಾಗಿಲ ಮುಂದೆ ನಿಂತಿದ್ದಳು.

ಅಷ್ಟರಲ್ಲಿ ಗದಗಿನ ಕಡೆಯಿಂದ ರೈಲು ಕೂಗಿತು. ದಾರಿಯ ತುಂಬ ಓಡುವ ಕಾಲಿನ ಸಪ್ಪಳ. ನಾನು ಹೊರಗೆ ಬಂದು ನೋಡಿದಾಗ, ತಲೆಯ ಮೇಲೆ ದೊಡ್ಡ ಗಂಟು ಹೊತ್ತ ಒಬ್ಬ ಧೋತರ ಎತ್ತಿ ಕಟ್ಟಿ ಓಡುತ್ತ ಬಂದವನು ಪಾರವ್ವನ ಎದುರಿಗೇ ಗಕ್ಕನೆ ನಿಂತಿದ್ದ. ಪಾರವ್ವ ರೂಢಿಯಂತೆ ಮುಖ ಗೋಡೆಗೆ ತಿರುಗಿಸಿದ್ದಳು. ನಿಂತ ರಭಸಕ್ಕೆ ಅವನ ಗಂಟು ಜಾರಿ ಕೆಳಗೆ ಬಿತ್ತು. ಹಿಂದೆ ಏದುಸಿರು ಬಿಡುತ್ತ ಅವನ ತಾಯಿ.

"ಮಲ್ಲ್ಯಾ, ಮುಂದಕ ಹೋಗಬ್ಯಾಡ! ಎದುರಿಗೆ ಯಾರ ನಿಂತಾರ ನೋಡು. ತಿರಗಿ ಬಾ, ಒಂಚೂರು ಕುಂತು ನೀರ ಕುಡದು ಹೋಗೂಣು" ಎಂದು ಮುದುಕಿ ಕೂಗಿದಳು.

"ಎಲ್ಲಿ ಕುಂದ್ರೂದಬೇ ಯವ್ವಾ! ನಾ ನೀರ ಕುಡ್ಯೂದ್ರಾಗ ಗಾಡಿ ಹೊಸಪೇಟಿ ಮುಟ್ಟಿರತೈತಿ" ಅಂದ ಮಲ್ಲ್ಯಾ. ಅಂದವನೇ ಪಾರವ್ವನ ಕಡೆ ತಿರುಗಿ, "ಅಕ್ಕಾರ, ಗ್ವಾಡಿ ಆಮ್ಯಾಲ ನೋಡೀರಂತ. ಇದೊಂದೀಟು ಎತ್ತಿ ಹೊರಸ್ರಿ, ಲಗೂನ!" ಅಂದ.

ಪಾರವ್ವ ತಿರುಗಿದಳು. ನನ್ನ ಮುಖ ನೋಡಿದಳು. ಅವಳು ಸೆರಗು ಸಿಕ್ಕಿಸಿ, ಗಂಟಿಗೆ ಕೈ ಹಾಕಿ, ಒಂದೇ ಏಟಿಗೆ ಎತ್ತಿ ಅವನ ತಲೆಯ ಮೇಲೆ ಕೂರಿಸಿದಳು. ಅವನು ಓಡಿದ. ಮುದುಕಿ ಪಾರವ್ವನ ಹತ್ತಿರ ಬಂದು ಏನೋ ಗೊಣಗಲು ಬಾಯಿ ತೆರೆದಳು. ರೈಲು ಇನ್ನೊಮ್ಮೆ ಕೂಗಿತು. ಗೊಣಗುವುದನ್ನು ಬಿಟ್ಟು, "ಟಿಕೀಟ ಕೊಡೂ ಕಿಡಕಿ ಯಾ ಕಡೀಗೈತಿ ಯವ್ವಾ?" ಎಂದು ಪಾರವ್ವನನ್ನೇ ಕೇಳಿದಳು. ಪಾರವ್ವ ಕೈ ಮಾಡಿ ತೋರಿಸಿದಳು. ಅವಳಿಗಾದರೂ ಏನು ಗೊತ್ತು? ಜನ ಓಡುವ ಕಡೆ ತೋರಿಸಿದಳು, ಅಷ್ಟೇ.

ಮಲ್ಲ್ಯಾ ಹೊರಟಿದ್ದ ಕೆಲಸ ಆಯಿತೋ ಕೆಟ್ಟಿತೋ ನಾನರಿಯೆ. ಗಾಡಿಯಂತೂ ಸಿಕ್ಕಿತು. ಅವನ ಹಿಂದೆ ಇನ್ನೂ ಎಷ್ಟೋ ಜನ ಪಾರವ್ವನ ಮುಂದೆಯೇ ಓಡಿಹೋದರು. ಒಬ್ಬರೂ ತಿರುಗಲಿಲ್ಲ. ಗಾಡಿ ಹೋದ ಮೇಲೂ ಅವಳು ದಾರಿ ನೋಡುತ್ತ ನಿಂತೇ ಇದ್ದಳು.

ಮನೆಗೆ ತಿರುಗಿ ಬರುವಾಗ ನಾನು ಆ ತಗಡನ್ನು ಬೈಯುತ್ತಿದ್ದೆ. ಪಾರವ್ವ ನಡುವೆ ಬಾಯಿ ಹಾಕಿ, "ಅಣ್ಣಾ, ಇದ ಮನಿ ತೊಗೊ" ಅಂದಳು.

"ಏ ಹುಚ್ಚಿ, ಕೋಟಿ ಓಣ್ಯಾಗ ಮಾಳಗಿ ಮ್ಯಾಲ ಹಾಯಾಗಿ ಅಡ್ಡ್ಯಾಡಬೌದು, ಯಾರೂ ನೋಡೂದಿಲ್ಲ" ಅಂದೆ.

"ಮಾಳಗಿ ಮ್ಯಾಲ ಅಡ್ಡ್ಯಾಡಾಕ ನಾ ಏನ್ ಬೆಕ್ಕೇನ್ರಿ ವೈನಿ? ನನಗ ಬಾಗಲದಾಗಿಂದ ಹೊರಗ ಹೋಗೂದೈತಿ."

ನಮ್ಮ ಮನೆಯವರು ನನ್ನ ಕಡೆ ನೋಡಿದರು. ಅಷ್ಟು ದಿನ ಪಾರವ್ವನಿಗೆ ಯಾವ ಮನೆ ಅನುಕೂಲ ಎಂದು ನಾವಿಬ್ಬರೂ ಊಟ ಬಿಟ್ಟು ಮಾತಾಡಿದ್ದೆವು. ಅಡುಗೆಮನೆಯಲ್ಲಿ ಕೂತಿದ್ದ ಪಾರವ್ವನನ್ನು ಕೇಳಿದ್ದರೆ ಅರ್ಧ ಗಳಿಗೆಯಲ್ಲಿ ಮುಗಿಯುತ್ತಿತ್ತು. ಮರುದಿನ ಸ್ಟೇಷನ್ ಮನೆಗೆ ಸಂಚಕಾರದ ಮುಂಗಡ ಹಣ ಕೊಟ್ಟೆವು. ಸಂಗವ್ವನಿಗೆ ನಾನೇ ಹೋಗಿ ಹೇಳಿಬಂದೆ. "ಮಸಿ ತಿನ್ನಾಕ ಹೊಂಟೀರಿ" ಎಂದು ಬೈದು, ಒಂದು ಬುಟ್ಟಿ ಸಂಡಿಗೆ ಕೊಟ್ಟು ಕಳಿಸಿದಳು.

ಸ್ಟೇಷನ್ ಕಡೆಯ ಜನ ಕೋಟೆ ಓಣಿಯವರಿಗಿಂತ ಒಳ್ಳೆಯವರು ಎಂದು ನಾನು ಹೇಳುವುದಿಲ್ಲ. ಅಲ್ಲಿ ಕಂಡ ಜನರೂ ಮನೆಗೆ ಹೋದರೆ ಶಕುನ ನೋಡುವವರೇ. ಆದರೆ ಶಕುನ ನೋಡಲು ಪುರಸೊತ್ತು ಬೇಕು. ತಿರುಗಬೇಕು, ಕೂಡಬೇಕು, ನೀರು ಕುಡಿಯಬೇಕು. ರೈಲು ಅಷ್ಟು ಹೊತ್ತು ಯಾರಿಗೂ ಕಾಯುವುದಿಲ್ಲ. ತಿಳಿದವರು ಹೇಳಿ ಬಿಡಿಸಲಾರದ್ದನ್ನು ಒಂದು ಇಂಜಿನ್ನು ಕೂಗಿ ಬಿಡಿಸುವುದನ್ನು ನಾನು ದಿನಾ ನೋಡಿದ್ದೇನೆ. ಅದಕ್ಕೇ ಯಾರಾದರೂ ಯಾವ ಕಡೆ ಮನೆ ಮಾಡೋಣ ಎಂದು ಕೇಳಿದರೆ ನಾನು ದಿಕ್ಕು ಹೇಳುವುದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಹೊರಗೆ ಹೋಗುವವರು ಯಾರಿದ್ದಾರೋ ಅವರನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿರಿ ಅನ್ನುತ್ತೇನೆ.

ಆ ಮನೆಯ ಕಷ್ಟ ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಇತ್ತು. ಮಾಲು ಗಾಡಿ ಹಾಯ್ದರೆ ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ಪಾತ್ರೆಗಳು ತಮ್ಮತಮ್ಮಲ್ಲೇ ಜಗಳ ಆಡುತ್ತಿದ್ದವು. ವೈಶಾಖದಲ್ಲಿ ತಗಡಿನ ಕೆಳಗೆ ನಾವು ಹುರಿದ ಶೇಂಗಾ. ಆದರೆ ಪಾರವ್ವ ಹೊತ್ತೇರಿದ ಮೇಲೆ ಎಲ್ಲರ ಹಾಗೆ ನೀರಿಗೆ ಹೋದಳು. ರೈಲಿಗೆ ಬಾವುಟ ತೋರಿಸುವವನ ಹೆಂಡತಿಯ ಸ್ನೇಹ ಮಾಡಿ ಅರ್ಧಮರ್ಧ ತೆಲುಗು ಕಲಿತಳು. ಯುದ್ಧ ಶುರುವಾಗಿ ಗಾಡಿಗಳ ಹೊತ್ತು ಕೆಟ್ಟ ಮೇಲಂತೂ, ಓಡುತ್ತ ಬಂದವರು ನಮ್ಮ ಬಾಗಿಲಲ್ಲಿ ನಿಂತು, "ಅಕ್ಕಾರ, ಗಾಡಿ ಹೋತೇನ್ರಿ?" ಎಂದು ಅವಳನ್ನೇ ಕೇಳುತ್ತಿದ್ದರು.

ಒಮ್ಮೆ ಯಲಬುರ್ಗಿಯಿಂದ ಬೀಗರು ಬಂದರು. ಚಹಾಕ್ಕೆ ನೀರಿಡು ಎಂದು ಪಾರವ್ವನನ್ನು ಕೂಗಿದೆ. ಉತ್ತರವಿಲ್ಲ. ಹಿತ್ತಲಲ್ಲಿ ಇಲ್ಲ, ಒಳಗೆ ಇಲ್ಲ. ಮುಂಬಾಗಿಲು ಹಾರುಹೊಡೆದಿತ್ತು.

"ಎಲ್ಲಿ ಹೋಗ್ಯಾಳ್ರಿ ನಿಮ್ಮ ನಾದಿನಿ?" ಎಂದು ಬೀಗಿತಿ ಕೇಳಿದಳು.

"ಯಾರಿಗ್ಗೊತ್ತ ಬಿಡ್ರಿ. ಒಂದ ಕಡೆ ಕಾಲು ನಿಲ್ಲೂದಿಲ್ಲ ಆಕಿಗೆ. ತಿರಗಾಡಿ!" ಎಂದು ಬೈದು, ನಾನೇ ಎದ್ದು ಒಲೆಗೆ ಕಟ್ಟಿಗೆ ತುರುಕಿದೆ.

ನಾದಿನಿಯನ್ನು ತಿರುಗಾಡಿ ಎಂದು ಬೈಯಲು ನನಗೆ ಆ ಮನೆಗೆ ಬರುವವರೆಗೆ ಆಸ್ಪದವೇ ಸಿಕ್ಕಿರಲಿಲ್ಲ. ಸಿಕ್ಕ ಮೇಲೆ ಬಿಡಲಿಲ್ಲ. ದಿನಾ ಬೈದೆ, ಹೊಟ್ಟೆ ತುಂಬ ಬೈದೆ.