ಬೀಡಿ ಕಟ್ಟಿನೊಳಗಿನ ಚೀಟಿ

ಗಂಡ ತೀರಿದ ಮೇಲೆ ಬೀಡಿಯೇ ನನ್ನ ಅನ್ನ. ೧೯೯೮ರಲ್ಲಿ ನಾರ್ವೆಯಿಂದ ಕ್ರಿಸ್ತನ ಸುವಾರ್ತೆ ಸಾರಲು ಬಂದ ಇಂಗ್ರಿಡ್ ಪುಂಜಾಲಕಟ್ಟೆಯ ನಮ್ಮ ಮನೆಯಲ್ಲಿ ಉಳಿದಿದ್ದಳು. ಬೆಳಿಗ್ಗೆ ಬಾವಿಯಿಂದ ನೀರು ಸೇದುವಳು, ನನ್ನೊಂದಿಗೆ ಗಂಜಿ ಉಣ್ಣುವಳು, ಮಧ್ಯಾಹ್ನ ಬೀಡಿ ಸುತ್ತಲು ಕೂರುವಳು. ಅವಳು ಸುತ್ತಿದ ಬೀಡಿ ಸಡಿಲ. ಹಾಗಾಗಿ ಇಪ್ಪತ್ತೈದು ಬೀಡಿಗಳನ್ನು ಸೇರಿಸಿ ಕಟ್ಟು ಕಟ್ಟುವ ಕೆಲಸ ಮಾತ್ರ ಕೊಟ್ಟಿದ್ದೆ.

ಒಂದು ಶನಿವಾರ ನಾವು ಬೀಡಿ ಒಪ್ಪಿಸುವ ಕಂಪೆನಿ ಬ್ರಾಂಚಿನ ಹಸೈನಾರ್ ನನ್ನ ಕಟ್ಟೊಂದನ್ನು ಬಿಚ್ಚಿದರು. ಬೈಬಲ್ ವಾಕ್ಯದ ಚೀಟಿ ಕೆಳಗೆ ಬಿತ್ತು.

"ಎಂತ ಸುಗಂಧಿಬಾಯಿ, ಬೀಡಿ ಎಳೆಯುವವರನ್ನೂ ಇಗರ್ಜಿಗೆ ಕರೀತೀರಾ?" ಎಂದು ನಕ್ಕರು. ಮತ್ತೊಂದು ಕಟ್ಟು ಬಿಚ್ಚಿದರು. ಅದರಲ್ಲೂ ಚೀಟಿ. ನಗು ನಿಂತಿತು. "ಇದು ತಮಾಷೆ ಅಲ್ಲ. ಸೋಮವಾರ ಮೇಲಿನವರು ಬರ್ತಾರೆ. ನಿಮ್ಮ ಕಾರ್ಡ್ ಹಿಡ್ಕೊಂಡು ಬನ್ನಿ."

ಕಂಪೆನಿ ಕೊಟ್ಟ ಆ ಕಾರ್ಡ್ ಹೋದರೆ ಸುತ್ತಲು ಎಲೆ ಇಲ್ಲ, ಕೆಲಸವಿಲ್ಲ.

ಮನೆಗೆ ಬಂದು ಇಂಗ್ರಿಡ್‌ಳನ್ನು ಚೀಟಿಯ ಬಗ್ಗೆ ಕೇಳಿದೆ.

"ಎಲ್ಲಾ ಕಟ್ಟಿನಲ್ಲೂ ಇಟ್ಟಿದ್ದೇನೆ ಅಮ್ಮ, ಮೂರು ವಾರದಿಂದ," ಎಂದಳು ಸಂತೋಷದಿಂದ.

ಹಿಂದಿನ ಕಟ್ಟುಗಳು ಆಗಲೇ ಲಾರಿ ಹತ್ತಿ ಊರೂರಿಗೆ ಹೋಗಿದ್ದವು. ಆ ಬ್ರಾಂಚಿನಲ್ಲಿ ಬೀಡಿ ಕಟ್ಟುವ ಕ್ರೈಸ್ತಳು ನಾನೊಬ್ಬಳೇ. ಯಾರು ಎಲ್ಲಿ ಬಿಚ್ಚಿದರೂ ಬೆರಳು ನನ್ನ ಮನೆಯ ಕಡೆಗೇ.

ಬೈಬಲಿನೊಳಗಿಟ್ಟಿದ್ದ ಕಾರ್ಡನ್ನು ತೆಗೆದು ಸೆರಗಿಗೆ ಕಟ್ಟಿಕೊಂಡೆ. ಜಗಲಿಯಲ್ಲಿ ಇಂಗ್ರಿಡ್ ನನ್ನ ಎಲೆ ಕತ್ತರಿಯಿಂದ ಸೋಮವಾರದ ಕಟ್ಟುಗಳಿಗೆ ಚೀಟಿ ಕತ್ತರಿಸುತ್ತಿದ್ದಳು.