ಕ್ರೇನಿನ ಕೆಳಗೆ ಕೊಟ್ಟ ಬೆನ್ನು

ರಾಯಚೂರಿನ ಸನ್ಮಾನ ಸಭೆಯಲ್ಲಿ ಕರಾವಳಿಯ ನಮ್ಮ ಬಂದರಿನ ನಿವೃತ್ತ ಹಿರಿಯ ಅಧಿಕಾರಿಯನ್ನು ಹೊಗಳುತ್ತಿದ್ದರು. ಇದೇ ಜಿಲ್ಲೆಯ ಮಾನ್ವಿಯಿಂದ ಹೋಗಿ ಅಷ್ಟು ಎತ್ತರಕ್ಕೇರಿದವರು. "ಇವರ ಕಾಲದಾಗ ಒಂದ ಹಡಗೂ ತಡ ಆಗಿಲ್ರೀ" ಎಂದ ನಿರೂಪಕ. ಅವರ ಕೈಕೆಳಗೆ ಸುರಕ್ಷತಾ ಅಧಿಕಾರಿಯಾಗಿದ್ದ ನನಗೆ ಮೈ ಉರಿಯಿತು.

ಆಗೊಮ್ಮೆ ಬಂದರಿನಲ್ಲಿ ಹಡಗಿಗೆ ಅಕ್ಕಿ ತುಂಬಲು ದೇವದುರ್ಗದ ಹಮಾಲರು ಬಂದಿದ್ದರು. ಊರ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಲಾರಿಯಿಂದ ಚೀಲ ಇಳಿಯುವಾಗ ಬೆನ್ನು ಕೊಟ್ಟು ನಿಲ್ಲುವ ರೂಢಿ ಅವರದು. ಕ್ರೇನಿನ ಕೆಳಗೂ ಹಾಗೆಯೇ ಓಡಿಹೋಗಿ ನಿಲ್ಲುತ್ತಿದ್ದರು. ಅದರ ಅಪಾಯ ಅವರಿಗೆ ತಿಳಿದಿರಲಿಲ್ಲ. ಅದೇ ಜಿಲ್ಲೆಯ ಈ ಹಿರಿಯ ಅಧಿಕಾರಿಗೆ ಆ ರೂಢಿ, ಈ ಅಪಾಯ ಎರಡೂ ಗೊತ್ತಿತ್ತು. ನಾನು ಕೆಲಸ ನಿಲ್ಲಿಸಿದರೆ, "ಅವ್ರು ಕೆಳಗ ನಿಂದರ್ಲಿ ಬಿಡ್ರಿ, ಲಗೂನ ಮುಗೀತದ" ಎಂದರು.

ಅಂದೇ ಮಧ್ಯಾಹ್ನ ಕ್ರೇನಿನ ಹಗ್ಗ ಹರಿಯಿತು. ಚೀಲಗಳು ನನ್ನಿಂದ ಎರಡು ಮಾರು ದೂರದಲ್ಲಿ ಬಿದ್ದವು. ಕೆಳಗಿದ್ದವನ ಸೊಂಟ ಮುರಿಯಿತು. ಅಂಥ ಸದ್ದಿಗೆ ನಾನು ಈಗಲೂ ಬೆಚ್ಚಿಬೀಳುತ್ತೇನೆ. ಅಪಘಾತದ ವರದಿಯಲ್ಲಿ ಇವರು 'ಹಮಾಲನ ಅಜಾಗರೂಕತೆ' ಎಂದು ಬರೆಸಿದರು. ಸಹಿ ನನ್ನದು.

ಈಗ ಸಭೆಯಲ್ಲಿ ಅವರಿಗೆ ಶಾಲು ಹೊದಿಸಲು ನನ್ನನ್ನೇ ಕರೆದರು. ನಾನು ಶಾಲು ಹಿಡಿದು ಅವರೆದುರು ಹೋದೆ, ಆದರೆ ಹೊದಿಸಲಿಲ್ಲ.

"ಹೊಚ್ರಿ, ಮಂದಿ ನೋಡಾಕತ್ತಾರ" ಎಂದು ಅವರು ಮೆಲ್ಲಗೆ ಗದರಿದರು.

"ನೋಡ್ಲಿ ಬಿಡ್ರಿ" ಎಂದು ಶಾಲನ್ನು ಮೇಜಿನ ಮೇಲಿಟ್ಟೆ. ಸುಳ್ಳು ವರದಿಗೆ ಸಹಿ ಹಾಕಿದವನು ನಾನೇ ಎಂಬಲ್ಲಿಂದ ಮೈಕಿನಲ್ಲಿ ಶುರುಮಾಡಿದೆ.