ನಾನು ಬಿಟ್ಟ ಅಂಗಿಯ ತೋಳು

ನಿನ್ನ ಅಂಗಿಯ ತೋಳು ನನ್ನ ಕೈಯಿಂದ ಜಾರಲಿಲ್ಲ, ಭಾಗ್ಯ. ನಾನೇ ಬಿಟ್ಟೆ.

ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು. ಕೂತಾಗಲೆಲ್ಲ ಎದ್ದು ಹೋಗಿ ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ. ಶಾಲೆಯಲ್ಲಿ ಸರಿಯಾಗಿಯೇ ಇದ್ದ ಮ್ಯಾಟುಗಳನ್ನು ಎತ್ತಿಸಿ ಮತ್ತೆ ಹಾಸಿಸಿದೆ, ಹುಡುಗಿಯರು ಮುಖ ಮುಖ ನೋಡಿಕೊಂಡರು. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬಿಟ್ಟು ಬಿಟ್ಟು ಬರೆದರೆ ಯಾವುದೋ ಸಂದಿಯಲ್ಲಿ ನುಣುಚಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಪಾಂಡವಪುರದ ಹಾಸ್ಟೆಲಿಗೆ ನಾವಿಬ್ಬರೂ ಪಿಯುಸಿ ಓದಲು ಬಂದ ವರ್ಷವೇ ಪಿ.ಟಿ. ಮೇಷ್ಟ್ರು ಹಳೇ ಗೋದಾಮಿನಲ್ಲಿ ಜೂಡೋ ಶುರು ಮಾಡಿದರು. ಮ್ಯಾಟು ಎಲ್ಲಿತ್ತು ಆಗ? ಒಬ್ಬೊಬ್ಬ ಹುಡುಗಿಯೂ ಊರಿಂದ ಒಂದೊಂದು ಗೋಣಿಚೀಲದ ತುಂಬ ಹುಲ್ಲು ತರಬೇಕು. ಚೀಲಗಳನ್ನು ಒತ್ತಾಗಿ ಜೋಡಿಸಿ ಮೇಲೆ ಟಾರ್ಪಾಲು ಬಿಗಿದರೆ ಅದೇ ನಮ್ಮ ಮ್ಯಾಟು. ನಾನು ಹೊಣಕೆರೆಯಿಂದ ರಾಗಿ ಹುಲ್ಲು ಹೊತ್ತು ತಂದೆ. ಮೇಷ್ಟ್ರು ಚೀಲ ಒತ್ತಿ ನೋಡಿ, "ಇದು ಬೆನ್ನಿಗೆ ಚುಚ್ಚುತ್ತೆ ಕಣವ್ವ, ಭತ್ತದ್ದೇ ಬೇಕು" ಅಂದರು. ಬೆದ್ದಲು ಸೀಮೆಯವಳು, ಭತ್ತದ ಹುಲ್ಲು ಎಲ್ಲಿಂದ ತರಲಿ? ನಾಚಿಕೆಯಾಗಿ ಚೀಲವನ್ನು ಬಾಗಿಲ ಹಿಂದೆ ಸರಿಸಿದೆ. ಮುಂದಿನ ವಾರ ಅರಕೆರೆಯಿಂದ ನಿಮ್ಮಪ್ಪ ಎರಡು ಚೀಲ ಕಳಿಸಿದರು. ಒಂದು ನಿನ್ನ ಪಾಲಿನದು, ಒಂದು ನನ್ನದು.

ಆ ಹುಲ್ಲಿನ ಮೇಲೆ ನೀನು ನನ್ನನ್ನು ಎಷ್ಟು ಸಲ ಕೆಡವಿದೆಯೋ! ಎದುರಿನವಳ ಅಂಗಿಯ ತೋಳು ಹಿಡಿದೆಳೆದು, ಗರಕ್ಕನೆ ತಿರುಗಿ, ಬೆನ್ನ ಮೇಲೆ ಹೇರಿಕೊಂಡು ಎಸೆಯುವ ಪಟ್ಟು ನಿನಗೆ ನೀರು ಕುಡಿದಷ್ಟು ಸಲೀಸು. ನನಗೆ ತಿರುಗುವುದು ಬರುತ್ತಿತ್ತು, ಹೇರಿಕೊಳ್ಳುವುದು ಬರುತ್ತಿರಲಿಲ್ಲ. ಮೇಷ್ಟ್ರದು ಒಂದೇ ಕಟ್ಟುನಿಟ್ಟು — ಎಸೆದವಳು ತೋಳು ಬಿಡಕೂಡದು. "ಎತ್ತಾಕದು ಯಾರ್ಗಾದ್ರೂ ಬತ್ತದೆ. ಬಿದ್ದೋಳು ನೆಲ ಮುಟ್ಟೋಗಂಟ ತೋಳು ಇಡ್ಕಂಡಿರಿ, ಆಮೇಲೆ ಅದೇ ತೋಳಿಡ್ಕಂಡು ಎಬ್ಬುಸ್ರಿ" ಅನ್ನುತ್ತಿದ್ದರು. ಆ ಹಿಡಿತ ಇದ್ದರೆ ಬಿದ್ದವಳು ಬೆನ್ನಿನ ಮೇಲೆ ಹಗುರವಾಗಿ ಇಳಿಯುತ್ತಾಳೆ. ಬಿಟ್ಟರೆ, ಆ ಕೈ ಗಾಬರಿಯಲ್ಲಿ ತಾನಾಗಿಯೇ ನೆಲ ಹುಡುಕುತ್ತದೆ. ಇದು ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಜಿಲ್ಲೆಯ ಆಯ್ಕೆಗೆ ಒಂದು ವಾರವಿತ್ತು. ನಮ್ಮಿಬ್ಬರದೂ ಒಂದೇ ತೂಕ, ಹೋಗುವವಳು ಒಬ್ಬಳೇ. ಅದು ನೀನೇ ಎಂದು ಗೋದಾಮಿನ ಗೋಡೆಗೂ ಗೊತ್ತಿತ್ತು. ಅವತ್ತು ನೀನು ಹತ್ತು ಸಲ ನನ್ನನ್ನು ಎಸೆದೆ. ನನ್ನ ಸರದಿ ಬಂದಾಗ ಒಂಬತ್ತು ಸಲವೂ ಎತ್ತಲಾಗದೆ ಮುಗ್ಗರಿಸಿದೆ. ನೀನು ನಗುತ್ತಾ, "ಏನೇ ಮಂಜಿ, ರಾಗಿ ಮುದ್ದೆ ತಿಂದೋಳು ಅಂತೀಯ, ಒಂದ್ ಮೂಟೆ ಎತ್ತಕಾಗಕಿಲ್ವ?" ಅಂದೆ. ತಮಾಷೆಗೇ ಅಂದೆ, ದಿನವೂ ಅನ್ನುತ್ತಿದ್ದದ್ದೇ. ಆದರೆ ಅವತ್ತು ನನ್ನ ಹೊಟ್ಟೆ ಉರಿದುಹೋಯಿತು. ಹತ್ತನೆಯ ಸಲ ತಿರುಗಿದೆ, ಹೇರಿಕೊಂಡೆ — ಮೊದಲ ಬಾರಿಗೆ ನಿನ್ನ ಕಾಲು ನೆಲ ಬಿಟ್ಟಿತು. ನಿನ್ನ ಇಡೀ ಭಾರ ನನ್ನ ಬೆನ್ನಿನ ಮೇಲಿತ್ತು. ಆಗ ನಾನು ಬೆರಳು ಬಿಚ್ಚಿದೆ.

ಬೆವರಿಗೆ ಜಾರಿತು ಎಂದು ನನಗೆ ನಾನೇ ಎಷ್ಟು ವರ್ಷ ಹೇಳಿಕೊಂಡೆನೋ. ಸುಳ್ಳು. ಕೈ ಮುರಿಯಲಿ ಅಂದುಕೊಂಡೆನೇ? ಗೊತ್ತಿಲ್ಲ, ಕೆದಕಿ ಕೆದಕಿ ನೋಡಿದರೂ ಗೊತ್ತಾಗುವುದಿಲ್ಲ. ಜೋರಾಗಿ ಬೀಳಲಿ ಅಂದುಕೊಂಡೆ, ಅಷ್ಟು ಖಂಡಿತ. ಒಂದೇ ಒಂದು ಸಲ ಇವಳಿಗೂ ನೋಯಲಿ ಎಂದು.

ನಿನ್ನ ಬಲಗೈ ಊರಿತು, ಮೊಣಕೈ ತಿರುಚಿಕೊಂಡಿತು. ಆ ಶಬ್ದವನ್ನು ಬರೆಯಲಾರೆ. ಮೇಷ್ಟ್ರು ಓಡಿ ಬಂದು ನಿನ್ನನ್ನು ಆಟೋಗೆ ಹತ್ತಿಸುವಾಗ ನನ್ನ ಕಡೆ ತಿರುಗಿ, "ಏನಾಯ್ತವ್ವ?" ಅಂದರು. ನಿಜ ಹೇಳಲು ಅಷ್ಟು ಹೊತ್ತು ಸಾಕಿತ್ತು. ನಾನು, "ಅಲ್ಲಿ ಉಲ್ಲು ಕುಸ್ದಿತ್ತು ಸಾ, ಅವಳೇ ಕೈ ಊರ್ಬುಟ್ಲು" ಅಂದೆ. ಸಂಜೆ ಅವರು ಟಾರ್ಪಾಲು ಎತ್ತಿ ನೋಡಿದರೆ ಆ ಜಾಗದಲ್ಲಿ ಇದ್ದದ್ದು ಅರಕೆರೆಯ ಚೀಲ. ವರ್ಷವಿಡೀ ತುಳಿದ ಹುಲ್ಲು ಎಲ್ಲ ಚೀಲಗಳಲ್ಲೂ ಕುಸಿದಂತೆ ಅದರಲ್ಲೂ ಕುಸಿದಿತ್ತು, ಅಷ್ಟೇ. ಆದರೆ ಹುಲ್ಲಿಂದಲೇ ಹೀಗಾಯಿತು ಎಂದು ಎಲ್ಲರೂ ನಂಬಿದರು.

ಮಾರನೆಯ ದಿನ ಆಸ್ಪತ್ರೆಯಲ್ಲಿ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನೀನೇ ಕೇಳಿದೆ, "ನಂಗೇನೂ ಗ್ಯಾಪಕ ಇಲ್ಲ ಕಣೆ. ನಾನೇ ಕೈ ಊರ್ದೆ ಅಲ್ವಾ?" ನಾನು "ಊಂ" ಅಂದೆ. ಆ ಒಂದು "ಊಂ" ಅನ್ನು ನೀನು ಇಪ್ಪತ್ತು ವರ್ಷ ನಂಬಿಕೊಂಡು ಬಂದೆ.

ಆಮೇಲಿನದು ನಿನಗೆ ಗೊತ್ತಿಲ್ಲ, ನೀನು ಅಲ್ಲಿರಲಿಲ್ಲ. ಆ ವಾರವೇ ನಿಮ್ಮಪ್ಪ ಟ್ರಾಕ್ಟರಿನಲ್ಲಿ ಹೊಸ ಹುಲ್ಲು ಹೇರಿಕೊಂಡು ಗೋದಾಮಿಗೆ ಬಂದರು. ಎಲ್ಲ ಚೀಲಗಳನ್ನೂ ಬಿಚ್ಚಿ, ಹಳೆಯದನ್ನು ಸುರಿದು, ತಾವೇ ತುಂಬಿದರು. ಚೀಲದ ಬಾಯಿ ಅಗಲಿಸಿ ಹಿಡಿದವಳು ನಾನು. "ಒಸಾ ಉಲ್ಲ ದನಗೊಳ್ಗೆ ಮಡೀಕಂಡು ಅಳೇದ್ನ ಕಳುಸ್ಬುಟ್ಟಿದ್ದೆ ಕಣವ್ವ. ನನ್ ಮಗಿ ಕೈಯ ನಾನೇ ಮುರ್ದಂಗಾಯ್ತು. ಬ್ಯಾರೆ ಮಕ್ಕಳ್ಗೆ ಇಂಗಾಗ್ಬಾರ್ದು" ಅಂದರು. ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕಣ್ಣೊರೆಸಿಕೊಂಡರು. ನಾನು ಏನು ಮಾಡಿದೆ ಗೊತ್ತೇ? "ಬುಡಿ ಅಪ್ಪಾಜಿ, ಅಳಬ್ಯಾಡಿ" ಎಂದು ಸಮಾಧಾನ ಹೇಳಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಆಯ್ಕೆಗೆ ನಾನು ಹೋದೆ. ಆ ಸರ್ಟಿಫಿಕೇಟು, ಅದರ ಬೆನ್ನಿಗೇ ಬಂದ ಇನ್ನೊಂದು, ಕೊನೆಗೆ ಈ ಶಾಲೆಯ ಕೆಲಸ, ಎಲ್ಲ ಅಲ್ಲಿಂದಲೇ ಬಂದದ್ದು. ನಿನ್ನ ಮೊಣಕೈ ಮತ್ತೆ ನೆಟ್ಟಗಾಗಲಿಲ್ಲ. ಕೆ.ಆರ್. ಪೇಟೆಯ ನಿನ್ನ ಮನೆಗೆ ಬಂದಾಗ ಕಂಡಿದ್ದೇನೆ — ಜಡೆಯನ್ನು ಎಡಗೈಯಲ್ಲೇ ಸುತ್ತಿಕೊಳ್ಳುತ್ತೀಯ, ಅಟ್ಟದ ಮೇಲಿನ ಡಬ್ಬಿ ತೆಗೆಯಲು ಗಂಡನನ್ನು ಕೂಗುತ್ತೀಯ. ಪ್ರತಿ ಸಲವೂ ನೀನು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಇಲ್ಲಿ ದಿನಾ ಬೆಳಗ್ಗೆ ಹುಡುಗಿಯರಿಗೆ "ತೋಳು ಬಿಡಬೇಡಿ, ಬಿಡಬೇಡಿ" ಎಂದು ಕಿರುಚುತ್ತೇನೆ. ಮಿಸ್ಸು ಎಷ್ಟು ಕಾಳಜಿ ಮಾಡ್ತಾರೆ ಎಂದು ಅವರು ಮನೆಯಲ್ಲಿ ಹೇಳುತ್ತಾರಂತೆ.

ಹೇಗೋ ಹೀಗೇ ಕಳೆದುಹೋಗುತ್ತಿತ್ತೇನೋ. ಗುರುವಾರ ನೀನು ಮಗಳ ವಿಷಯಕ್ಕೆ ಫೋನು ಮಾಡಿದೆ. "ನಮ್ ಸಿಂಚನಾ ಜೂಡೋ ಕಲ್ತೇ ಕಲೀತೀನಿ ಅಂತ ಕುಂತವ್ಳೆ ಕಣೆ. ನಿನ್ನ ಇಸ್ಕೂಲ್ಗೇ ಸೇರುಸ್ತೀನಿ. ಅಪ್ಪ ಮಾತ್ರ ಬ್ಯಾಡ್ವೇ ಬ್ಯಾಡ ಅಂತಾವ್ರೆ, ಇನ್ನೂ ಆ ಉಲ್ಲಿನ ಕೊರಗೇಯ. ಭಾನುವಾರ ನಾನೂ ಅರಕೆರೇಲಿರ್ತೀನಿ, ನೀನೇ ಬಂದು ಒಂದ್ ಮಾತು ಏಳು, ಈಗ ಉಲ್ಲಿನ ಚೀಲ ಇಲ್ಲ, ಒಳ್ಳೇ ಮ್ಯಾಟ್ ಅವೆ ಅಂತ. ನೀನ್ ಏಳುದ್ರೆ ನಂಬ್ತಾರೆ."

ನಂಬುತ್ತಾರೆ, ಭಾಗ್ಯ. ಅದೇ ನನಗೆ ಸಂಕಟ. ಭಾನುವಾರದವರೆಗೆ ಕಾಯಲಾಗದೆ ಶುಕ್ರವಾರವೇ ಬಸ್ಸು ಹತ್ತಿ, ಶ್ರೀರಂಗಪಟ್ಟಣದಲ್ಲಿ ಇಳಿದು, ಎದುರಿಗೇ ನಿಂತಿದ್ದ ಅರಕೆರೆ ಬಸ್ಸು ಹೊರಡುವುದನ್ನು ನೋಡುತ್ತಾ ನಿಂತುಬಿಟ್ಟೆ. ಶನಿವಾರವೂ ಹಾಗೇ ಆಯಿತು. ನಿನ್ನೆ ಭಾನುವಾರ ಜ್ವರ ಎಂದು ಫೋನಿನಲ್ಲಿ ಸುಳ್ಳು ಹೇಳಿ, ಮುಂದಿನ ವಾರ ಬರುತ್ತೇನೆ ಅಂದೆ. ನೀನು "ಕಷಾಯ ಕುಡಿಯೇ" ಅಂದೆ.

ಕಾಗದವನ್ನು ಈಗಲೇ ಪೋಸ್ಟಿಗೆ ಹಾಕುತ್ತಿದ್ದೇನೆ, ಕೈಯಲ್ಲಿಟ್ಟುಕೊಂಡರೆ ಹರಿದುಹಾಕಿಬಿಡುತ್ತೇನೆ. ನೀನು ಇದನ್ನು ಓದಿದ ಮೇಲೆ ನನಗೆ ವಾಪಸು ತಿರುಗಲು ದಾರಿ ಇರುವುದಿಲ್ಲ. ಸಿಂಚನಳನ್ನು ನನ್ನ ಹತ್ತಿರ ಕಳಿಸು, ಬೇರೆ ಕಡೆ ಸೇರಿಸು, ಅದು ನಿನಗೆ ಬಿಟ್ಟದ್ದು. ನನ್ನ ಮುಖ ನೋಡುವುದಿಲ್ಲ ಅಂದರೂ ನನ್ನದೊಂದು ಮಾತಿಲ್ಲ. ಆದರೆ ನಿಮ್ಮಪ್ಪನಿಗೆ ಮಾತ್ರ ನೀನು ಹೇಳಬೇಡ, ಅದನ್ನು ನಾನೇ ಹೇಳಬೇಕು. ಬರುವ ಭಾನುವಾರ ಅರಕೆರೆಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ, ಅವರು ಹೊಲದಿಂದ ಬರುವವರೆಗೆ ಜಗುಲಿಯ ಮೇಲೆ ಕೂತಿರುತ್ತೇನೆ. ಮ್ಯಾಟಿನ ಮಾತು ಎತ್ತುವುದಿಲ್ಲ. ಅವರಿಗೆ ಹೇಳಬೇಕಾದದ್ದನ್ನು ಬೆಳಗ್ಗಿನಿಂದ ಬಾಯಲ್ಲೇ ಹೇಳಿಕೊಳ್ಳುತ್ತಾ ಓಡಾಡುತ್ತಿದ್ದೇನೆ — "ನಿಮ್ ಉಲ್ಲು ಚೆನ್ನಾಗಿತ್ತು ಅಪ್ಪಾಜಿ. ನಾನು ಬುಟ್ಟೆ."